ಬಾಗಲಕೋಟೆ ಮದುವೆ ನಡುವೆ ಬಾದಾಮಿ, ಪಟ್ಟದಕಲ್ಲು ಆಗುತ್ತಾ? ಆಗುತ್ತೆ, ಆದ್ರೆ ಬಾಗಲಕೋಟೆಗೆ ಮೊದ್ಲು ಹೋಗ್ಬೇಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕ್ಕೊಂಡು ಕೂತಿದ್ದೆ. ನೀವು ಹೇಳಿದ್ದು ಇಷ್ಟು: ಫೆಬ್ರವರೀಲಿ ಆಫೀಸ್ ಫ್ರೆಂಡ್ ಮದುವೆ ಬಾಗಲಕೋಟೇಲಿ, ಭಾನುವಾರ 12:35ಕ್ಕೆ ಅಕ್ಷತೆ, ಶನಿವಾರ ಸಂಜೆ ಅರಿಶಿನ, ಬೆಂಗಳೂರಿಂದ ಶುಕ್ರವಾರ ರಾತ್ರಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಭಾನುವಾರ ರಾತ್ರಿ ಅದೇ ಟ್ರೈನಲ್ಲಿ ವಾಪಸ್, ಜೊತೆಗೆ 65 ವರ್ಷದ ಅಮ್ಮ, ಏಳು ವರ್ಷದ ಮಗ. ಮದುವೆ ದಿನ ಬೆಳಗ್ಗೆ ಬೇಗ ಎದ್ದು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ನೋಡ್ಕೊಂಡು ಬಂದ್ಬಿಡಬಹುದಾ ಅಂತ.

ಮದುವೆ ದಿನ ಬೆಳಗ್ಗೆ ಬೇಡ. ಅದೊಂದು ಬಿಟ್ಟು ಬೇರೆ ಏನಾದ್ರೂ ಮಾಡಿ.

ನಮ್ಮ ಅತ್ತಿಗೆ ಬಾಗಲಕೋಟೆಯವರು, ಅವರ ತಮ್ಮನ ಮದುವೆಗೆ ನಾವು ಮೈಸೂರಿಂದ ಹೋಗಿದ್ವಿ. ನಮ್ಮ ಕಡೆ ನಾಲ್ಕು ಹುಡುಗ್ರು ನಿಮ್ಮ ಥರಾನೇ ಮದುವೆ ದಿನ ಬೆಳಗ್ಗೆ ಆರಕ್ಕೆ ಎದ್ದು ಐಹೊಳೆಗೆ ಹೋದ್ರು, ಹೋಗೋವಾಗ ಒಂದು ಗಂಟೆ, ನೋಡೋಕೆ ಎರಡು ಗಂಟೆ, ಹತ್ತೂವರೆಗೆ ಛತ್ರದಲ್ಲಿ ಇರ್ತೀವಿ ಅಂತ ಲೆಕ್ಕ. ಲೆಕ್ಕ ಸರೀನೇ ಇತ್ತು, ಆದ್ರೆ ಆ ಕಡೆ ಚಳಿಗಾಲದಲ್ಲಿ ಕಬ್ಬಿನ ಸೀಸನ್ನು, ಒಂದೊಂದು ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್, ಅದರ ತುಂಬ ರಸ್ತೆಗೇ ಬಾಗೋ ಹಾಗೆ ಕಬ್ಬು, ಸ್ಪೀಕರ್‌ನಲ್ಲಿ ಜೋರಾಗಿ ಹಾಡು, ಹಿಂದಿನ ಕಾರಿನ ಹಾರ್ನ್ ಅವನಿಗೆ ಕೇಳೋದೇ ಇಲ್ಲ. ಹುಡುಗ್ರು ಬಂದಾಗ ಒಂದು ಹತ್ತು. ಅಕ್ಷತೆ ಮುಗಿದು ಮೊದಲ ಪಂಕ್ತಿ ಏಳ್ತಾ ಇತ್ತು. ಉತ್ತರ ಕರ್ನಾಟಕದ ಮದುವೇಲಿ ಆ ಒಂದು ನಿಮಿಷಕ್ಕೆ ಅಕ್ಕಿಕಾಳು ಹಾಕೋಕೆ ಅಂತಾನೇ ಜನ ಎಲ್ಲೆಲ್ಲಿಂದಲೋ ಬಂದಿರ್ತಾರೆ, ಅದನ್ನ ತಪ್ಪಿಸ್ಕೊಂಡು ಹುಗ್ಗಿ ಊಟಕ್ಕೆ ಕೂತ್ರೆ ಎಷ್ಟೇ ಆದ್ರೂ ಮುಖ ಸಣ್ಣದಾಗುತ್ತೆ.

ನಾನು ಹೇಳೋದು ಇದು: ಬೆಂಗಳೂರಿಂದ ಬರೋವಾಗ ಗದಗ ದಾಟಿದ ಮೇಲೆ ಟ್ರೈನ್ ಮೊದಲು ಬಾದಾಮಿಗೆ ಬರುತ್ತೆ, ಬಾಗಲಕೋಟೆ ಆಮೇಲೆ. ಇನ್ವಿಟೇಶನ್‌ನಲ್ಲಿ ಬಾಗಲಕೋಟೆ ಅಂತ ಇರೋದ್ರಿಂದ ಎಲ್ರೂ ಬಾಗಲಕೋಟೆಗೆ ಟಿಕೆಟ್ ಮಾಡಿ ಅಲ್ಲಿಗೇ ಹೋಗಿ, ಅಲ್ಲಿಂದ ಮತ್ತೆ ಮೂವತ್ತೈದು ಕಿಲೋಮೀಟರ್ ಹಿಂದಕ್ಕೆ ಬಾದಾಮಿಗೆ ಬರ್ತಾರೆ. ಬರ್ತಾರೆ ಅನ್ನೋದೂ ಸುಳ್ಳು, ಬರೋಕೆ ಆಗಲ್ಲ. ಮದುವೆ ಮನೆಗೆ ಒಂದ್ಸಲ ಕಾಲಿಟ್ರೆ ಮೊದಲು ಚಹಾ, ಆಮೇಲೆ ಸೂಸಲ, ಮಿರ್ಚಿ ಭಜಿ, ಆಮೇಲೆ ಪಕ್ಕದ ದೊಡ್ಡಪ್ಪನ ಮನೇಲಿ ಚಹಾ, ಅಷ್ಟರಲ್ಲಿ ‘ಉಂಡ ಹೋಗ್ರಿ, ಎಲ್ಲಿ ಹೊಂಟೀರಿ ಬಿಸಲಾಗ’ ಅಂತ ಕೈ ಹಿಡಿದು ಕೂರಿಸ್ತಾರೆ. ಆ ಪ್ರೀತಿ ಮುಂದೆ ಚಾಲುಕ್ಯರು ಗೆಲ್ಲಲ್ಲ. ಅದಕ್ಕೇ ಶನಿವಾರ ಬೆಳಗ್ಗೆ ಬಾದಾಮಿ ಸ್ಟೇಷನ್‌ನಲ್ಲೇ ಇಳ್ಕೊಂಡುಬಿಡಿ. ಟಿಕೆಟ್ ಬಾಗಲಕೋಟೆವರೆಗೆ ಇದ್ರೂ ಮುಂಚೆ ಇಳಿಯೋದಕ್ಕೆ ಏನೂ ತೊಂದ್ರೆ ಇಲ್ಲ. ಸ್ಟೇಷನ್ನು ಊರಿಂದ ಐದು ಕಿಲೋಮೀಟರ್ ದೂರ, ಟಂಟಂ (ದೊಡ್ಡ ಆಟೋ) ಸಿಗುತ್ತೆ. ಊರಲ್ಲಿ ಕೆಎಸ್‌ಟಿಡಿಸಿಯವರ ಮಯೂರ ಚಾಲುಕ್ಯ ಇದೆ, ಬಸ್ ಸ್ಟ್ಯಾಂಡ್ ಹತ್ರ ಲಾಡ್ಜ್‌ಗಳಿವೆ, ಅಮ್ಮ ಇರೋದ್ರಿಂದ ಅರ್ಧ ದಿನಕ್ಕೆ ಒಂದು ರೂಮ್ ತಗೊಂಡು ಸ್ನಾನ ತಿಂಡಿ ಮುಗಿಸಿ ಹೊರಡಿ.

ಆದ್ರೆ ಮದುವೆ ಮನೆಯವರಿಗೆ ಮೊದಲೇ ಹೇಳಿ, ದಯವಿಟ್ಟು. ನಾವು ಹೇಳಿರಲಿಲ್ಲ. ಸುಮ್ನೆ ಯಾಕೆ ತೊಂದ್ರೆ ಕೊಡೋದು, ಮಧ್ಯಾಹ್ನ ನಾವೇ ಬರ್ತೀವಲ್ಲ ಅಂತ ಫೋನ್ ಮಾಡದೆ ಇಳ್ಕೊಂಡ್ವಿ. ಅತ್ತಿಗೆಯ ಕಾಕಾ, ಅರವತ್ತು ದಾಟಿದೋರು, ಎರಡು ಟಂಟಂ ಹೇಳಿಸ್ಕೊಂಡು ಬಾಗಲಕೋಟೆ ಸ್ಟೇಷನ್‌ನಲ್ಲಿ ಕಾಯ್ತಿದ್ರಂತೆ. ನನ್ನ ಫೋನ್ ಸೈಲೆಂಟಲ್ಲಿತ್ತು. ಸಂಜೆ ಸಿಕ್ಕಾಗ ಬೈಲಿಲ್ಲ, ನಕ್ಕೊಂಡೇ ‘ಏಳ್ ಡಬ್ಬಿ ಹತ್ತಿ ಇಳದೆ ನೋಡ ತಂಗಿ, ನೀವು ಒಬ್ಬರೂ ಕಾಣಲಿಲ್ಲ’ ಅಂದ್ರು. ಬೈದಿದ್ರೇ ವಾಸಿ ಇತ್ತು. ಆ ಮೇಲೆ ಎರಡು ದಿನ ಯಾರಿಗೆ ಪರಿಚಯ ಮಾಡಿಸಿದ್ರೂ ‘ಇವ್ರು ಬಾದಾಮಿ ನೋಡಾಕ ಬಂದವ್ರು’ ಅಂತಾನೇ. ನೀವು ಒಂದು ಫೋನ್ ಮಾಡಿ ‘ಬಾದಾಮೀಲಿ ಇಳೀತೀವಿ, ನಾಲ್ಕು ಗಂಟೆಗೆ ನಿಮ್ಮನೇಲಿ ಇರ್ತೀವಿ’ ಅಂದ್ರೆ ಬಹುಶಃ ಅವರೇ ಪರಿಚಯದ ಗಾಡಿ ಕಳಿಸ್ತಾರೆ.

ಇಲ್ಲಾಂದ್ರೆ ಬಾದಾಮೀಲಿ ಗಾಡಿ ಮಾಡ್ಕೊಳ್ಳೋವಾಗ ಮೊದಲೇ ಬಿಡಿಸಿ ಹೇಳಿ, ಗುಹೆ ನೋಡಿ, ಬನಶಂಕರಿ, ಪಟ್ಟದಕಲ್ಲು ಮುಗಿಸಿ ಬಾಗಲಕೋಟೇಲಿ ಬಿಡ್ಬೇಕು ಅಂತ. ಕೊನೇಲಿ ಹೇಳಿದ್ರೆ ಖಾಲಿ ವಾಪಸ್ ಹೋಗ್ಬೇಕು ಅಂತ ಜಗಳ ಶುರುವಾಗುತ್ತೆ. ಲಗೇಜ್ ಎಲ್ಲ ಗಾಡೀಲೇ ಇರಲಿ.

ಗುಹೆಗೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೋಗಿ. ಮೆಟ್ಟಿಲು ಕಡಿದಾಗಿವೆ, ಆದ್ರೆ ಒಂದನೇ ಗುಹೆ ತೀರಾ ಮೇಲಿಲ್ಲ, ಅಲ್ಲಿ 18 ಕೈಯ ನಟರಾಜ ಬಾಗಿಲಲ್ಲೇ ಸಿಗ್ತಾನೆ. ಕೈಗಳನ್ನ ಜೋಡಿ ಜೋಡಿ ಮಾಡ್ಕೊಂಡು ನೋಡಿದ್ರೆ 81 ಭಂಗಿ ಆಗುತ್ತೆ ಅಂತ ಗೈಡ್‌ಗಳು ಹೇಳ್ತಾರೆ, ನನ್ನ ಮಗಳು ಎಣಿಸೋಕೆ ಕೂತು ಹದಿಮೂರಕ್ಕೆ ಸುಸ್ತಾದ್ಲು. ನಿಮ್ಮ ಮಗನಿಗೂ ಈ ಕೆಲ್ಸ ಕೊಡಿ, ಅಮ್ಮನಿಗೆ ಅಷ್ಟೊತ್ತು ಕೂರೋಕೆ ಸಿಗುತ್ತೆ. ಅಮ್ಮನಿಗೆ ಮಂಡಿ ನೋವಿದ್ರೆ ಎರಡು, ನಾಲ್ಕು ಬಿಟ್ರೂ ಪರವಾಗಿಲ್ಲ, ಮೂರನೇದಕ್ಕೆ ಮಾತ್ರ ಹೇಗಾದ್ರೂ ಮಾಡಿ ಹತ್ತಿಸಿ. ಅದು ಎಲ್ಲಕ್ಕಿಂತ ದೊಡ್ಡದು, 578ನೇ ಇಸವೀದು ಅಂತ ಶಾಸನಾನೇ ಇದೆ, ಚಾಲುಕ್ಯರ ಮಂಗಲೇಶ ಮಾಡಿಸಿದ್ದು. ಒಳಗೆ ಆದಿಶೇಷನ ಸುರುಳಿ ಮೇಲೆ ಮಲಗದೆ ಆರಾಮಾಗಿ ಕೂತಿರೋ ವಿಷ್ಣು ಇದಾನೆ, ಎಲ್ರೂ ಅದರ ಫೋಟೋ ತೆಗೆದು ಹೊರಟುಬಿಡ್ತಾರೆ. ನೀವು ಕಂಬದ ಮೇಲೆ ತಲೆ ಎತ್ತಿ ನೋಡಿ, ಸೂರಿಗೆ ಆಸರೆ ಕೊಟ್ಟಿರೋ ಜಾಗದಲ್ಲಿ ಮರದ ಕೆಳಗೆ ಗಂಡ ಹೆಂಡತಿ ನಿಂತಿರೋ ಜೋಡಿಗಳು. ಒಬ್ಳು ಸ್ವಲ್ಪ ವಾಲಿ ನಿಂತಿದಾಳೆ, ಅವನು ಆಸರೆ ಕೊಟ್ಟಿದಾನೆ. ನಮ್ಮಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ಬಹಳ ಹೊತ್ತು ನೋಡಿ, ‘ನಾಳೆ ಫೋಟೋಗ್ರಾಫರ್ ಆ ಹುಡುಗನ್ನ ಹುಡುಗೀನ ಹಿಂಗೇ ನಿಲ್ಸೋದು’ ಅಂದ್ರು. ಮಾರನೇ ದಿನ ನೋಡಿದ್ರೆ ಹಾಗೇ ನಿಲ್ಸಿದ್ದ.

ಕೋತಿಗಳ ವಿಷ್ಯ. ಇದನ್ನ ಎಲ್ರೂ ಹೇಳ್ತಾರೆ, ಯಾರೂ ಕೇಳಲ್ಲ, ನಾವೂ ಕೇಳ್ಲಿಲ್ಲ. ಮದುವೆ ಮನೆಗೆ ಅಂತ ಮೈಸೂರಿಂದ ಎರಡು ಕೆಜಿ ಮೈಸೂರ್ ಪಾಕ್ ತಂದಿದ್ವಿ, ಗಾಡೀಲಿ ಬಿಟ್ರೆ ಬಿಸಿಲಿಗೆ ತುಪ್ಪ ಬಿಡುತ್ತೆ ಅಂತ ಅಮ್ಮ ಚೀಲ ಕೈಯಲ್ಲೇ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರು. ಎರಡನೇ ಗುಹೆ ಹತ್ರ ಒಂದು ಗಡವ ಎದುರಿಂದ ಬಂತು, ಹಲ್ಲು ಕಿರಿದೂ ಇಲ್ಲ, ಹೆದರಿಸಿದ್ದೂ ಇಲ್ಲ, ಮನೆಯವರೇ ಅನ್ನೋ ಥರ ಚೀಲ ಈಸ್ಕೊಂಡು ಗೋಡೆ ಮೇಲೆ ಹೋಗಿ ಕೂತ್ಕೊಳ್ತು. ಗಿಫ್ಟ್ ಪೇಪರ್ ಬಿಚ್ಚಿ ಕೆಳಗೆ ಹಾಕ್ತು, ರಟ್ಟಿನ ಡಬ್ಬಿ ಮುಚ್ಚಳ ತೆಗೆದು ಮೂಸಿ ನೋಡಿ, ಒಂದೊಂದೇ ಪೀಸ್ ತಿಂತಾ ಮಧ್ಯ ಮಧ್ಯ ಬೆರಳು ನೆಕ್ಕೋದು. ಕೆಳಗೆ ಅದರ ಬಳಗ ಕಾಯ್ತಾ ಇತ್ತು, ಥೇಟ್ ಎರಡನೇ ಪಂಕ್ತಿ ಥರ. ಆದ್ದರಿಂದ ಕೈಯಲ್ಲಿ ಏನೂ ಬೇಡ, ಕವರ್ ಅಂತೂ ಬೇಡ್ವೇ ಬೇಡ, ಅಮ್ಮ ಹಣ್ಣುಕಾಯಿ ತರ್ತೀನಿ ಅಂದ್ರೂ ಗಾಡೀಲೇ ಇಡಿಸಿ.

ಗುಹೆಯಿಂದ ಇಳಿದು ಐದು ಕಿಲೋಮೀಟರ್ ಬನಶಂಕರಿ. ದೇವಿ ದರ್ಶನ ಆಗುತ್ತೆ, ಅದಕ್ಕಿಂತ ಮುಖ್ಯ ಹೊಂಡದ ಪಕ್ಕ ಬುಟ್ಟಿ ಇಟ್ಕೊಂಡು ಕೂತಿರೋ ಹೆಂಗಸ್ರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ, ಗಟ್ಟಿ ಮೊಸರು. ಹನ್ನೊಂದೂವರೆಗೇ ಉಂಡುಬಿಡಿ, ಪಟ್ಟದಕಲ್ಲಲ್ಲಿ ಹಸಿವು ಮಾಡ್ಕೊಂಡು ಓಡಾಡೋದು ಬೇಡ.

ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್ ಅಷ್ಟೇ, ಮತ್ತೆ ಅಮ್ಮನಿಗೆ ಇದೇ ಸರಿಯಾದ ಜಾಗ. ಬಹುತೇಕ ದೇವಸ್ಥಾನ ಒಂದೇ ಹುಲ್ಲುಹಾಸಿನ ಸಮತಟ್ಟು ಜಾಗದಲ್ಲಿವೆ, ಹತ್ತೋದು ಇಳಿಯೋದು ಕಡಿಮೆ. 1987ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ, ಚೆನ್ನಾಗಿ ಇಟ್ಕೊಂಡಿದಾರೆ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಉತ್ತರದ ಕಡೆ ಥರ ಬಾಗಿದ ಶಿಖರ ಇರೋ ಗುಡಿ, ನಮ್ಮ ದಕ್ಷಿಣದ ಥರ ಮಜಲು ಮಜಲಾಗಿ ಏರೋ ಗುಡಿ, ಎರಡೂ ಅಕ್ಕಪಕ್ಕ ಇವೆ. ಮಗನಿಗೆ ಗುಡಿ ತಲೆ ನೋಡಿ ಯಾವುದು ಯಾವ ಕಡೇದು ಹೇಳು ಅಂದ್ರೆ ಒಂದು ಗಂಟೆ ಕಳೆಯುತ್ತೆ. ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದ್ದು ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನ ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಹೆಚ್ಚುಕಮ್ಮಿ ಅದೇ ಅಚ್ಚು, ಸ್ವಲ್ಪ ಚಿಕ್ಕದು, ಅದನ್ನ ಕಟ್ಟಿಸಿದ್ದು ತ್ರೈಲೋಕ್ಯಮಹಾದೇವಿ, ಆಕೆ ಲೋಕಮಹಾದೇವಿಯ ತಂಗೀನೇ, ಅದೇ ರಾಜನ ಇನ್ನೊಬ್ಬ ಹೆಂಡತಿ. ಇದನ್ನ ಹೇಳಿದ ತಕ್ಷಣ ನಮ್ಮಮ್ಮನಿಗೆ ಕಲ್ಲುಗಳಲ್ಲಿ ಇದ್ದಕ್ಕಿದ್ದ ಹಾಗೆ ಆಸಕ್ತಿ ಬಂತು, ಎರಡೂ ಗುಡಿಗೆ ಮತ್ತೆ ಒಂದ್ಸಲ ಹೋಗಿ ‘ಅಕ್ಕಂದೇ ದೊಡ್ಡದು’ ಅಂತ ತೀರ್ಪು ಕೊಟ್ರು. ವಿರೂಪಾಕ್ಷದಲ್ಲಿ ಈಗಲೂ ಪೂಜೆ ಇದೆ, ಚಪ್ಪಲಿ ಬಿಡ್ಬೇಕು, ಮಧ್ಯಾಹ್ನ ಕಲ್ಲು ಹೆಂಚಿನ ಥರ ಕಾದಿರುತ್ತೆ, ಹಳೇ ಸಾಕ್ಸ್ ಇಟ್ಕೊಂಡಿರಿ.

ಐಹೊಳೆ? ಬಿಡಿ ಅಂತೀನಿ. ಪಟ್ಟದಕಲ್ಲಿಂದ ಬರೀ ಹದಿಮೂರು ಹದಿನಾಲ್ಕು ಕಿಲೋಮೀಟರ್ ಅನ್ನೋದು ನಿಜ, ಬಾಗಲಕೋಟೆಗೆ ಹೋಗೋವಾಗ ಆ ಕಡೆಯಿಂದಲೇ ಹೋಗಬಹುದು ಅನ್ನೋದೂ ನಿಜ. ಆದ್ರೆ ಅದು ಊರ ತುಂಬ ಹರಡಿರೋ ಗುಡಿಗಳು, ನೂರಕ್ಕೂ ಮೇಲಿವೆ. ಗುಡ್ಡದ ಮೇಲೆ ಮೇಗುತಿ ಬಸದಿಗೆ ಹತ್ತಿ 634ರ ರವಿಕೀರ್ತಿ ಶಾಸನ, ಅದೇ ಪುಲಕೇಶಿ ಹರ್ಷನನ್ನ ಸೋಲಿಸಿದ್ದು ಬರೆದಿರೋದು, ಅದನ್ನ ನೋಡ್ದೆ ಬಂದ್ರೆ ಐಹೊಳೆ ನೋಡ್ದ ಹಾಗಲ್ಲ ಅಂತ ನನ್ನ ಹಠ. ಅದಕ್ಕೆ ಒಂದು ಪೂರ್ತಿ ದಿನ ಬೇಕು. ಟೈಮ್ ಇದ್ರೆ ದುರ್ಗ ಗುಡಿಯೊಂದನ್ನ ಇಪ್ಪತ್ತು ನಿಮಿಷ ಸುತ್ತು ಹಾಕಿ, ಹಿಂಭಾಗ ಅರ್ಧಚಂದ್ರದ ಥರ ದುಂಡಗಿದೆ, ಆ ಮೊಗಸಾಲೇಲಿ ನಡೆಯೋದೇ ಚಂದ. ಹೆಸರು ನೋಡಿ ದುರ್ಗಾದೇವಿ ಗುಡಿ ಅಂದ್ಕೋಬೇಡಿ, ದುರ್ಗ ಅಂದ್ರೆ ಇಲ್ಲಿ ಕೋಟೆ. ನಾವು ಅಷ್ಟೇ ಮಾಡಿ, ಅಲ್ಲಿಂದ ಅಮೀನಗಡಕ್ಕೆ ಹೋಗಿ ಕರದಂಟು ತಗೊಂಡ್ವಿ, ಮೈಸೂರ್ ಪಾಕ್ ಹೋಗಿತ್ತಲ್ಲ, ಬರಿಗೈಲಿ ಮದುವೆ ಮನೆಗೆ ಹೋಗೋದು ಹೇಗೆ. ಮೈಸೂರವರು ಬಾಗಲಕೋಟೆಯವರಿಗೆ ಅಮೀನಗಡದ ಕರದಂಟು ತಂದುಕೊಟ್ಟ ಕಥೆಯನ್ನ ಅವರು ಇನ್ನೂ ಹೇಳ್ಕೊಂಡು ನಗ್ತಾರೆ.

ಬಾಗಲಕೋಟೆಗೆ ಬರೋ ಮುಂಚೆ ಛತ್ರ ಎಲ್ಲಿ ಅಂತ ಸರಿಯಾಗಿ ಕೇಳ್ಕೊಳ್ಳಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಬಹಳ ಭಾಗ ಮುಳುಗಿ ನವನಗರ ಕಟ್ಟಿದ್ರಲ್ಲ, ಹಾಗಾಗಿ ಹಳೇ ಊರು, ವಿದ್ಯಾಗಿರಿ, ನವನಗರ ಮೂರೂ ಬೇರೆ ಬೇರೆ, ಬರೀ ಬಾಗಲಕೋಟೆ ಅಂದ್ರೆ ಡ್ರೈವರ್ ಇಡೀ ಊರು ಸುತ್ತಿಸ್ತಾನೆ.

ಇನ್ನು ಭಾನುವಾರ. ಅಕ್ಷತೆ, ಫೋಟೋ, ಊಟ ಎಲ್ಲ ಮುಗಿಯೋದು ಎರಡೂವರೆ ಮೂರು. ನಿಮ್ಮ ವಾಪಸ್ ಟ್ರೈನ್ ಬಾಗಲಕೋಟೆ ಬಿಟ್ಟು ಮತ್ತೆ ಬಾದಾಮಿ ಮೇಲೇ ಹೋಗುತ್ತೆ! ಅದಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಹತ್ತೋ ಸ್ಟೇಷನ್ ಬಾದಾಮಿಗೆ ಬದಲಾಯಿಸ್ಕೊಳ್ಳಿ, ಬದಲಾಯಿಸ್ದೆ ಹೋದ್ರೆ ಬಾಗಲಕೋಟೇಲಿ ನೀವು ಕಾಣ್ಲಿಲ್ಲ ಅಂತ ಟಿಟಿ ಬರ್ತ್ ಬೇರೆಯವರಿಗೆ ಕೊಟ್ಟುಬಿಡಬಹುದು. ಟೈಮಿಂಗ್ ಆಗಾಗ ಬದಲಾಗುತ್ತೆ, ಆ ವಾರದ್ದೇ ನೋಡ್ಕೊಂಡು ಲೆಕ್ಕ ಹಾಕಿ. ಊಟ ಆದ್ಮೇಲೆ ಹೇಳಿ ಹೊರಟ್ರೆ ಐದಕ್ಕೆಲ್ಲ ಬಾದಾಮೀಲಿ ಅಗಸ್ತ್ಯ ತೀರ್ಥ ಅನ್ನೋ ಕೆರೆಯ ದಂಡೆ ಮೇಲೆ ಇರ್ತೀರ. ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಇಳಿ ಬಿಸಿಲು ನೇರ ಅದರ ಮೇಲೆ ಬಿದ್ದು ಕೆಂಪು ಕಲ್ಲು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತೆ. ಮೆಟ್ಟಿಲ ಮೇಲೆ ಹೆಂಗಸ್ರು ಬಟ್ಟೆ ಒಗೀತಿರ್ತಾರೆ, ಆ ಸದ್ದು ಎದುರು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತೆ. ಹತ್ತೋದೇನೂ ಇಲ್ಲ, ಅಮ್ಮನೂ ನಡೀತಾರೆ, ರೇಷ್ಮೆ ಸೀರೇಲೇ ಬಂದ್ರೂ ನಡೆಯುತ್ತೆ. ನಾವು ಹಾಗೇ ಬಂದಿದ್ವಿ. ಕಾಕಾನೂ ಬಂದಿದ್ರು ನಮ್ಮ ಜೊತೆ, ಈ ಸಲ ಬಾದಾಮಿ ಸ್ಟೇಷನ್‌ಗೇ ಬಂದು, ನಮ್ಮನ್ನ ಡಬ್ಬಿಗೆ ಹತ್ತಿಸಿ, ಸೀಟಲ್ಲಿ ಕೂರೋದನ್ನ ಕಣ್ಣಾರೆ ನೋಡ್ಕೊಂಡೇ ಹೋದ್ರು.