ಬಟ್ಟೆಯ ಮೇಲೆ ಕಾರ್ಖಾನೆಯಲ್ಲಿ ವಿನ್ಯಾಸ ಅಚ್ಚಾಗುವುದು ಹೇಗೆ? ಕೆಲವು ಬಣ್ಣ ಉಳಿದು ಕೆಲವು ಮಾಸುವುದೇಕೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದೇ ಬಗೆಯ ಹೂವಿನ ವಿನ್ಯಾಸದ ಎರಡು ಹತ್ತಿ ಬಟ್ಟೆಗಳನ್ನು ಕೊಂಡಿರಿ, ಒಂದು ಮೃದುವಾಗಿದ್ದು ಬಣ್ಣ ಉಳಿಸಿಕೊಂಡಿತು, ಇನ್ನೊಂದು ಮೊದಲಿನಿಂದಲೂ ಗಡುಸಾಗಿದ್ದು ಕೆಲವೇ ಒಗೆತಕ್ಕೆ ಮಾಸಿತು, ಇದು ಯಂತ್ರದ ವ್ಯತ್ಯಾಸವೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲೇ ಜವಳಿ ತಂತ್ರಜ್ಞಾನ ಓದಿ, ಬಳಿಕ ಈರೋಡಿನ ಪ್ರಿಂಟಿಂಗ್ ಘಟಕವೊಂದರಲ್ಲಿ ದುಡಿದವನಾಗಿ ಹೇಳುವುದಾದರೆ, ವ್ಯತ್ಯಾಸವಿರುವುದು ಯಂತ್ರದಲ್ಲಿ ಅಲ್ಲ. ಯಾವ ಬಣ್ಣ ಬಳಸಿದರು, ಅಚ್ಚಾದ ಮೇಲೆ ಅದನ್ನು ನೂಲಿಗೆ ಹೇಗೆ ಹಿಡಿಸಿದರು ಎಂಬುದರಲ್ಲಿ.

ಯಂತ್ರದ ಮಾತನ್ನು ಮೊದಲು ಮುಗಿಸುತ್ತೇನೆ. ಕೆತ್ತಿದ ತಾಮ್ರದ ರೋಲರ್‌ನಿಂದ ಅಚ್ಚು ಹಾಕುವ ವಿಧಾನಕ್ಕೆ ಥಾಮಸ್ ಬೆಲ್ 1783ರಲ್ಲಿ ಪೇಟೆಂಟ್ ಪಡೆದರು. ಈಗ ಅದು ಬಹುಮಟ್ಟಿಗೆ ಮರೆಯಾಗಿದ್ದು, ಆ ಜಾಗದಲ್ಲಿ 1960ರ ದಶಕದಿಂದ ಬಳಕೆಗೆ ಬಂದ ರೋಟರಿ ಸ್ಕ್ರೀನ್ ಇದೆ. ಇದು ಸೂಕ್ಷ್ಮ ರಂಧ್ರಗಳಿರುವ, ಬಹಳ ತೆಳುವಾದ ನಿಕ್ಕಲ್ ಸಿಲಿಂಡರ್. ಬಟ್ಟೆಯನ್ನು ಅಂಟು ಸವರಿದ ಪಟ್ಟೆಯ ಮೇಲೆ ಕದಲದಂತೆ ಹಾಯಿಸುತ್ತಾರೆ. ತಿರುಗುವ ಸಿಲಿಂಡರ್‌ನ ಒಳಕ್ಕೆ ಬಣ್ಣದ ಪೇಸ್ಟನ್ನು ಪಂಪ್ ಮಾಡುತ್ತಾರೆ. ಒಳಗಿರುವ ಸ್ಕ್ವೀಜಿ, ಅಂದರೆ ಬಣ್ಣ ಒತ್ತುವ ಪಟ್ಟಿ, ಅದನ್ನು ರಂಧ್ರಗಳ ಮೂಲಕ ಬಟ್ಟೆಗೆ ಒತ್ತುತ್ತದೆ. ಆರು ಬಣ್ಣದ ಹೂವಿಗೆ ಆರು ಸಿಲಿಂಡರ್ ಬೇಕು, ಒಂದು ಕೂದಲೆಳೆಯಷ್ಟು ಜಾರಿದರೂ ಎಲೆಯ ಹಸಿರು ತನ್ನ ಗೆರೆಯಿಂದ ಆಚೆ ನಿಲ್ಲುತ್ತದೆ. ಸಿಲಿಂಡರ್‌ನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್ ಇರುವುದರಿಂದ, ನಿಮ್ಮ ಬಟ್ಟೆಗೆ ಟೇಪು ಹಿಡಿದು ನೋಡಿ: ವಿನ್ಯಾಸ 64ಕ್ಕೋ 32ಕ್ಕೋ ಸರಿಯಾಗಿ ಮರುಕಳಿಸಿದರೆ ಅದು ಬಹುತೇಕ ರೋಟರಿಯಲ್ಲೇ ಅಚ್ಚಾದದ್ದು. ನಿಮ್ಮ ಎರಡೂ ಬಟ್ಟೆಗಳು ಈ ಪರೀಕ್ಷೆಯಲ್ಲಿ ಗೆದ್ದರೆ ನನಗೆ ಆಶ್ಚರ್ಯವಿಲ್ಲ.

ಮೃದುವಾಗಿ ಉಳಿದದ್ದು ರಿಯಾಕ್ಟಿವ್ ಬಣ್ಣದ್ದಿರಬೇಕು. 1956ರಲ್ಲಿ ಮಾರುಕಟ್ಟೆಗೆ ಬಂದ ಈ ವರ್ಗದ ಬಣ್ಣಗಳು ಹತ್ತಿಯ ಸೆಲ್ಯುಲೋಸ್‌ನೊಂದಿಗೆ ರಾಸಾಯನಿಕ ಬಂಧವನ್ನೇ ಬೆಳೆಸುತ್ತವೆ. ಬಣ್ಣ ಹರಡದಂತೆ ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್ ಅಂಟು, ಜೊತೆಗೆ ಯೂರಿಯಾ ಮತ್ತು ಅಡುಗೆ ಸೋಡಾವನ್ನು ಬೆರೆಸಿ ಅಚ್ಚು ಹಾಕಿ, ಒಣಗಿಸಿ, ಸುಮಾರು 102 ಡಿಗ್ರಿಯ ಹಬೆಯಲ್ಲಿ ಎಂಟು ಹತ್ತು ನಿಮಿಷ ಇಡುತ್ತಾರೆ. ಆದರೆ ಬಣ್ಣದ ಒಂದು ಪಾಲು ನೂಲಿಗೆ ಸೇರದೆ ನೀರಿನೊಂದಿಗೆ ಪ್ರತಿಕ್ರಿಯಿಸಿ ವ್ಯರ್ಥವಾಗುತ್ತದೆ. ಮೊದಲು ತಣ್ಣೀರಿನಲ್ಲಿ, ಬಳಿಕ ಕುದಿಯುವ ಸೋಪಿನ ನೀರಿನಲ್ಲಿ ಅದನ್ನು ಪೂರ್ತಿ ತೊಳೆದು ತೆಗೆಯದಿದ್ದರೆ ಎಂಥ ಒಳ್ಳೆಯ ಬಣ್ಣವೂ ನಿಮ್ಮ ಬಕೆಟ್ಟಿನಲ್ಲಿ ನೀರು ಕೆಡಿಸುತ್ತದೆ. ನೀರು, ಉರುವಲು, ಕೊಳಕು ನೀರಿನ ಶುದ್ಧೀಕರಣ ಎಲ್ಲಕ್ಕೂ ಹಣ ಬೇಕಾದ್ದರಿಂದ, ಅಗ್ಗದ ಮಾಲಿನಲ್ಲಿ ಕೈ ಬಿಗಿಹಿಡಿಯುವುದು ಈ ಹಂತದಲ್ಲೇ, ಮತ್ತು ಅದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಗಡುಸಾಗಿದ್ದದ್ದು ಪಿಗ್‌ಮೆಂಟ್ ಅಚ್ಚು. ಪಿಗ್‌ಮೆಂಟ್ ಎಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿ, ಅದಕ್ಕೆ ನೂಲಿನ ಮೇಲೆ ಯಾವ ಸೆಳೆತವೂ ಇಲ್ಲ. ಬೈಂಡರ್ ಎಂಬ ಅಂಟಿನ ಪದರವೇ ಅದನ್ನು ಹಿಡಿದಿಡುತ್ತದೆ, ಆ ಪದರವೇ ನಿಮ್ಮ ಕೈಗೆ ಗಡುಸಾಗಿ ತಾಗಿದ್ದು. 150 ಡಿಗ್ರಿಯ ಆಸುಪಾಸಿನ ಬಿಸಿಗಾಳಿಯಲ್ಲಿ ಕೆಲವು ನಿಮಿಷ ಬೇಯಿಸಿದರೆ ಕೆಲಸ ಮುಗಿಯಿತು, ತೊಳೆಯುವ ಗೋಜಿಲ್ಲ. ಒಳ್ಳೆಯ ಬೈಂಡರ್ ಹಾಕಿ ಸರಿಯಾಗಿ ಬೇಯಿಸಿದ ಪಿಗ್‌ಮೆಂಟನ್ನು ಕೀಳೆಂದು ನಾನು ಹೇಳುವುದಿಲ್ಲ, ಬಿಸಿಲಿಗೆ ಅದು ಚೆನ್ನಾಗಿಯೇ ತಾಳುತ್ತದೆ. ಬೇಯಿಸುವುದರಲ್ಲಿ ಅವಸರ ಮಾಡಿದಾಗ ಮಾತ್ರ ಉಜ್ಜಿದಂತೆಲ್ಲ ಸವೆಯುತ್ತದೆ, ಗಾಢ ಬಣ್ಣಗಳಲ್ಲಿ ಇದು ಬೇಗ ಕಾಣುತ್ತದೆ.

ಡಿಜಿಟಲ್ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೂ ವಿಚಾರ ಇದೇ. ಅಲ್ಲಿ ಸ್ಕ್ರೀನ್ ಇಲ್ಲದೆ ಶಾಯಿಯ ಹನಿಗಳು ನೇರವಾಗಿ ಬೀಳುತ್ತವೆ, ಬಣ್ಣಗಳ ಮಿತಿ ಸಡಿಲವಾಗುತ್ತದೆ, ಆದರೆ ಹತ್ತಿಗೆ ರಿಯಾಕ್ಟಿವ್ ಶಾಯಿ ಬಳಸಿದರೆ ಹಬೆಯೂ ತೊಳೆತವೂ ತಪ್ಪುವುದಿಲ್ಲ. ಪಾಲಿಯೆಸ್ಟರ್‌ನದು ಬೇರೆ ದಾರಿ: ಡಿಸ್ಪರ್ಸ್ ಎಂಬ ವರ್ಗದ ಬಣ್ಣದಲ್ಲಿ ವಿನ್ಯಾಸ ಅಚ್ಚಾದ ಕಾಗದವನ್ನು ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿಯಲ್ಲಿ ಅರ್ಧ ನಿಮಿಷ ಒತ್ತಿದರೆ ಬಣ್ಣ ಆವಿಯಾಗಿ ಎಳೆಯೊಳಗೆ ಸೇರುತ್ತದೆ. ಇನ್ನು ನಮ್ಮ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಈ ಯಾವ ಮಾತೂ ಅನ್ವಯಿಸದು, ಅದರ ವಿನ್ಯಾಸ ಮಗ್ಗದಲ್ಲೇ ನೇಯ್ದು ಬಂದದ್ದು.

ಮುಂದಿನ ಸಲ ಅಂಗಡಿಯಲ್ಲಿ ಬಟ್ಟೆಯ ಹಿಂಬದಿ ನೋಡಿ. ರಿಯಾಕ್ಟಿವ್ ಬಣ್ಣ ಸಾಮಾನ್ಯವಾಗಿ ಹಿಂದಕ್ಕೂ ಇಳಿದಿರುತ್ತದೆ, ಪಿಗ್‌ಮೆಂಟ್ ಮೇಲೆಯೇ ಕುಳಿತಿರುತ್ತದೆ. ಬಿಳಿ ಕರವಸ್ತ್ರದ ಒಂದು ಮೂಲೆಯನ್ನು ಒದ್ದೆ ಮಾಡಿ, ಅತ್ಯಂತ ಗಾಢವಾದ ಭಾಗವನ್ನು ಹತ್ತಾರು ಬಾರಿ ಉಜ್ಜಿ, ಬಣ್ಣ ಹತ್ತಿದರೆ ಆ ಥಾನನ್ನು ಬಿಡಿ. ಈಗಾಗಲೇ ಕೊಂಡ ಗಡುಸು ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ, ಒಗೆಯುವ ಕಲ್ಲಿಗೆ ಬಡಿಯದೆ, ಬ್ರಷ್ ಹಾಕದೆ ತಣ್ಣೀರಿನಲ್ಲಿ ಒಗೆದರೆ ಇನ್ನಷ್ಟು ದಿನ ಬಾಳಿಕೆ ಬರುತ್ತದೆ.