ವೇರಿಯನ್ಸ್ ಲೆಕ್ಕ ಟ್ಯಾಲಿ ಆದರೂ ಉತ್ತರ ತಪ್ಪುವುದೇಕೆ?

ಕಾಸ್ಟ್ ಅಕೌಂಟಿಂಗ್‌ನ ವೇರಿಯನ್ಸ್ (ನಿಗದಿ ಮಾಡಿದ ವೆಚ್ಚಕ್ಕೂ ನಿಜವಾದ ವೆಚ್ಚಕ್ಕೂ ಇರುವ ವ್ಯತ್ಯಾಸ) ಸೂತ್ರಗಳೆಲ್ಲ ಬಾಯಿಪಾಠ ಇವೆ, ಕೊನೆಗೆ ಲೆಕ್ಕ ಟ್ಯಾಲಿಯೂ ಆಗುತ್ತದೆ, ಆದರೂ ಉತ್ತರ ಪುಸ್ತಕಕ್ಕೆ ಹೊಂದುವುದಿಲ್ಲ ಎಂದಿದ್ದೀರಿ. ಹಾಗಿದ್ದರೆ ಸೂತ್ರವನ್ನು ಬಿಡಿ, ನೀವು ಬರೆದಿರುವ ಸ್ಟ್ಯಾಂಡರ್ಡ್ ಕ್ವಾಂಟಿಟಿಯನ್ನು, ಅಂದರೆ ತಯಾರಾದ ಮಾಲಿಗೆ ಬೇಕಿದ್ದ ಕಚ್ಚಾವಸ್ತುವಿನ ಪ್ರಮಾಣವನ್ನು ನೋಡಿ.

ಒಂದು ಲೆಕ್ಕ ತೆಗೆದುಕೊಳ್ಳೋಣ. ಒಂದು ಯೂನಿಟ್‌ಗೆ 5 ಕೆಜಿ ಕಚ್ಚಾವಸ್ತು, ಕೆಜಿಗೆ 40 ರೂ., ಇದು ಸ್ಟ್ಯಾಂಡರ್ಡ್. ಬಜೆಟ್ 1,000 ಯೂನಿಟ್, ತಯಾರಾದದ್ದು 900. ಬಳಸಿದ್ದು 4,700 ಕೆಜಿ, ಕೊಟ್ಟ ದರ 42 ರೂ.

900 ಯೂನಿಟ್‌ಗೆ ಬೇಕಿದ್ದದ್ದು 4,500 ಕೆಜಿ. ಪ್ರೈಸ್ ವೇರಿಯನ್ಸ್ (ದರದ ವ್ಯತ್ಯಾಸ) 4,700 × 2 = 9,400 ಅಡ್ವರ್ಸ್, ಅಂದರೆ ನಷ್ಟದ ಕಡೆ. ಯೂಸೇಜ್ (ಬಳಕೆಯ ವ್ಯತ್ಯಾಸ) 200 × 40 = 8,000 ಅಡ್ವರ್ಸ್. ಒಟ್ಟು 17,400. ತಾಳೆ ನೋಡಿ: 1,80,000 ಕಳೆ 1,97,400. ಸರಿಯಾಯಿತು.

ಈಗ ಬಜೆಟ್ಟಿನ 5,000 ಕೆಜಿಯನ್ನೇ ಸ್ಟ್ಯಾಂಡರ್ಡ್ ಎಂದು ಹಿಡಿಯಿರಿ. ಯೂಸೇಜ್ 300 × 40 = 12,000 ಫೇವರಬಲ್ (ಲಾಭದ ಕಡೆ), ಒಟ್ಟು 2,600 ಫೇವರಬಲ್. 2,00,000 ಕಳೆ 1,97,400 ಕೂಡ 2,600! ಟ್ಯಾಲಿ ಆಯಿತು, ಆದರೆ ವಸ್ತು ಪೋಲು ಮಾಡಿದ ಕಾರ್ಖಾನೆ ಉಳಿತಾಯ ಮಾಡಿದಂತೆ ಕಂಡಿತು. ಎರಡೂ ಕಡೆ ಅದೇ ತಪ್ಪು ಅಂಕಿ ಕೂತಿರುವುದರಿಂದ ಟ್ಯಾಲಿ ಅದನ್ನು ಹಿಡಿಯಲಾರದು. ಆದ್ದರಿಂದ ಪೆನ್ನು ಹಿಡಿದ ಕೂಡಲೇ ಆಕ್ಚುಯಲ್ ಔಟ್‌ಪುಟ್ (ನಿಜಕ್ಕೂ ತಯಾರಾದದ್ದು) ಎಷ್ಟೆಂದು ಪುಟದ ತಲೆಯಲ್ಲಿ ಬರೆದು ಸುತ್ತು ಹಾಕಿ. ಸ್ಟ್ಯಾಂಡರ್ಡ್ ಕ್ವಾಂಟಿಟಿಯೂ ಸ್ಟ್ಯಾಂಡರ್ಡ್ ಗಂಟೆಗಳೂ ಅದರಿಂದಲೇ ಹುಟ್ಟಬೇಕು.

ಹಲವು ವಸ್ತು ಬೆರೆಸುವಾಗ ಬರುವ ಮಿಕ್ಸ್ (ಬೆರೆಸಿದ ಅನುಪಾತದ ವ್ಯತ್ಯಾಸ), ಯೀಲ್ಡ್ (ಸಿಕ್ಕ ಇಳುವರಿಯ ವ್ಯತ್ಯಾಸ) ಲೆಕ್ಕದಲ್ಲಿ ಇದೇ ಗುಂಡಿ ಬೇರೆ ರೂಪದಲ್ಲಿ ಬರುತ್ತದೆ. ನಾರ್ಮಲ್ ಲಾಸ್ (ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟ) ಇನ್‌ಪುಟ್ಟಿನ 10% ಎಂದಿದ್ದು 900 ಕೆಜಿ ಔಟ್‌ಪುಟ್ ಬಂದಿದ್ದರೆ, ಸ್ಟ್ಯಾಂಡರ್ಡ್ ಇನ್‌ಪುಟ್ 990 ಅಲ್ಲ, 900 ÷ 0.9 = 1,000. ಮಿಕ್ಸ್‌ಗೆ ಆಕ್ಚುಯಲ್ ಇನ್‌ಪುಟ್ಟಿನ ಮೊತ್ತವನ್ನು ಸ್ಟ್ಯಾಂಡರ್ಡ್ ಅನುಪಾತದಲ್ಲಿ ಹಂಚಿಕೊಳ್ಳಿ. ಮಿಕ್ಸ್, ಯೀಲ್ಡ್ ಕೂಡಿದರೆ ಯೂಸೇಜ್ ಬರಬೇಕು.

ಲೇಬರ್‌ನಲ್ಲಿ ಗಂಟೆಗಳು ಎರಡು ಬಗೆ. 1,000 ಗಂಟೆಗೆ ಸಂಬಳ ಕೊಟ್ಟು, 40 ಗಂಟೆ ಕರೆಂಟಿಲ್ಲದೆ ಕೂತಿದ್ದರೆ, ರೇಟ್ ವೇರಿಯನ್ಸ್‌ಗೆ (ಕೂಲಿ ದರದ ವ್ಯತ್ಯಾಸ) 1,000, ಎಫಿಶಿಯೆನ್ಸಿಗೆ (ಕೆಲಸದ ವೇಗದ ವ್ಯತ್ಯಾಸ) 960. ಆ 40 ಗಂಟೆ × ಸ್ಟ್ಯಾಂಡರ್ಡ್ ರೇಟ್ ಐಡಲ್ ಟೈಮ್ ವೇರಿಯನ್ಸ್, ಅದು ಯಾವಾಗಲೂ ಅಡ್ವರ್ಸ್.

ಹಾಗಾದರೆ ಬಜೆಟ್ಟಿನ ಆ 1,000 ಯೂನಿಟ್ ಯಾಕೆ ಕೊಟ್ಟರು? ಫಿಕ್ಸೆಡ್ ಓವರ್‌ಹೆಡ್‌ಗೆ, ಅಂದರೆ ಬಾಡಿಗೆಯಂತೆ ಉತ್ಪಾದನೆ ಎಷ್ಟೇ ಆದರೂ ಬದಲಾಗದ ಖರ್ಚಿಗೆ. ಬಜೆಟ್ 20,000 ರೂ., ಅಂದರೆ ಯೂನಿಟ್‌ಗೆ 20. 900 ಯೂನಿಟ್ ಮೇಲೆ ಅಬ್ಸಾರ್ಬ್ ಆದದ್ದು (ಮಾಲಿನ ವೆಚ್ಚಕ್ಕೆ ಸೇರಿದ್ದು) 18,000. ವಾಲ್ಯೂಮ್ ವೇರಿಯನ್ಸ್ 2,000 ಅಡ್ವರ್ಸ್. ಖರ್ಚು ನಿಜಕ್ಕೂ 19,500 ಆಗಿದ್ದರೆ ಎಕ್ಸ್‌ಪೆಂಡಿಚರ್ 500 ಫೇವರಬಲ್, ಒಟ್ಟು 1,500 ಅಡ್ವರ್ಸ್. ಇಲ್ಲಿ ಬಹಳ ಜನ ಚಿಹ್ನೆ ತಿರುಗಿಸಿಬಿಡುತ್ತಾರೆ: ಮೆಟೀರಿಯಲ್‌ನಲ್ಲಿ ಸ್ಟ್ಯಾಂಡರ್ಡ್‌ಗಿಂತ ಹೆಚ್ಚು ಬಳಸಿದರೆ ನಷ್ಟ, ವಾಲ್ಯೂಮ್‌ನಲ್ಲಿ ಬಜೆಟ್‌ಗಿಂತ ಹೆಚ್ಚು ತಯಾರಿಸಿದರೆ ಲಾಭ. ಸೂತ್ರದ ಪ್ಲಸ್ ಮೈನಸ್ ನಂಬುವ ಬದಲು, ಕಂಪನಿಗೆ ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿಕೊಂಡು ಆಮೇಲೆ ಎಫ್ ಅಥವಾ ಎ ಬರೆಯಿರಿ. ಮಾರ್ಜಿನಲ್ ಕಾಸ್ಟಿಂಗ್ ಪದ್ಧತಿ (ಫಿಕ್ಸೆಡ್ ಖರ್ಚನ್ನು ಯೂನಿಟ್‌ಗೆ ಹಂಚದ ಪದ್ಧತಿ) ಎಂದು ಪ್ರಶ್ನೆಯಲ್ಲೇ ಇದ್ದರೆ ಈ ವಾಲ್ಯೂಮ್ ವೇರಿಯನ್ಸ್ ಇರುವುದೇ ಇಲ್ಲ.