ಫ್ರೀಜರ್ ತಣ್ಣಗಾಗದಿದ್ದರೆ ಗ್ಯಾಸ್ ತುಂಬಿಸಲು ಆತುರ ಬೇಡ

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯದಾದ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಕೆಲವು ದಿನಗಳಿಂದ ಕೆಳಭಾಗದಲ್ಲಿಟ್ಟ ಹಾಲು ಮರುದಿನ ಕಾಯಿಸುವಾಗ ಒಡೆಯುತ್ತಿದೆ. ಫ್ರೀಜರಿನಲ್ಲಿ ನೀರು ಗಟ್ಟಿಯಾಗುತ್ತದೆ, ಆದರೆ ಐಸ್‌ಕ್ರೀಮ್ ಮೆತ್ತಗೇ ಇರುತ್ತದೆ. ಮೆಕ್ಯಾನಿಕ್ ನೋಡಿ, ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು ಎಂದಿದ್ದಾರೆ. ಅದಕ್ಕೆ ಮೊದಲು ನಾವೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಅಡುಗೆ ಅನಿಲದ ಸಿಲಿಂಡರಿನಂತೆ ಫ್ರಿಜ್ಜಿನ ಗ್ಯಾಸ್ ಬಳಸಿದಂತೆಲ್ಲ ಮುಗಿಯುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಅದೇ ಪಾಡು. ನಿಮ್ಮ ಫ್ರಿಜ್ಜಿನ ಲಕ್ಷಣಗಳನ್ನು ಓದಿದರೆ ನನಗೆ ಮೊದಲ ಅನುಮಾನ ಬರುವುದು ಗ್ಯಾಸಿನ ಮೇಲಲ್ಲ, ಡಿಫ್ರಾಸ್ಟ್ ವ್ಯವಸ್ಥೆಯ, ಅಂದರೆ ಒಳಗೆ ಕಟ್ಟುವ ಹಿಮವನ್ನು ಕರಗಿಸುವ ಏರ್ಪಾಟಿನ ಮೇಲೆ.

ನಿಮ್ಮ ಬಗೆಯ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಒಂದೇ ಜಾಗದಲ್ಲಿ, ಅಂದರೆ ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಹಿಂದಿರುವ ಕಾಯಿಲ್‌ನಲ್ಲಿ. ಅಲ್ಲಿಯ ಪುಟ್ಟ ಫ್ಯಾನ್ ತಣ್ಣನೆಯ ಗಾಳಿಯನ್ನು ಫ್ರೀಜರಿಗೂ, ಒಂದು ಕಿರುದಾರಿಯ ಮೂಲಕ ಕೆಳಭಾಗಕ್ಕೂ ತಳ್ಳುತ್ತದೆ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ತೇವಾಂಶ ಆ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ; ಅದನ್ನು ಆಗಾಗ ಕರಗಿಸಲು ಕಾಯಿಲ್ ಕೆಳಗೆ ಒಂದು ಹೀಟರ್ ಇರುತ್ತದೆ. ಹೀಟರ್ ಅಥವಾ ಅದನ್ನು ನಿಯಂತ್ರಿಸುವ ಬೈಮೆಟಲ್ (ತಾಪಕ್ಕೆ ತಕ್ಕಂತೆ ತಾನೇ ಬದಲಾಗುವ ಸ್ವಿಚ್), ಸೆನ್ಸರ್, ಟೈಮರ್‌ಗಳಲ್ಲಿ ಒಂದು ಕೆಟ್ಟರೂ ಹಿಮ ಬೆಳೆದು ಬೆಳೆದು ಗಾಳಿಯ ದಾರಿಯನ್ನೇ ಕಟ್ಟಿಬಿಡುತ್ತದೆ. ಆಗ ಮೊದಲು ಸೋಲುವುದು ಕೆಳಭಾಗ, ಆನಂತರ ಫ್ರೀಜರ್.

ಫ್ರೀಜರಿನ ಹಿಂಬದಿಯ ಹಲಗೆಯನ್ನು ಕೈಯಿಂದ ಸವರಿ ನೋಡಿ. ಅದರ ಮೇಲೆ ಬಿಳಿಯ ಹಿಮ ಹರಡಿದ್ದರೆ, ಅಥವಾ ಹಲಗೆ ನಡುವೆ ಉಬ್ಬಿದ್ದರೆ, ಅನುಮಾನ ಬಹುಮಟ್ಟಿಗೆ ನಿಜವಾದಂತೆ. ಬಾಗಿಲು ತೆರೆದೊಡನೆ ಫ್ಯಾನ್ ನಿಲ್ಲುವ ಮಾದರಿಗಳೇ ಹೆಚ್ಚು. ಆದ್ದರಿಂದ ಬಾಗಿಲಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಆಲಿಸಿ. ಕರಕರ ಸದ್ದು ಬಂದರೆ ಫ್ಯಾನಿನ ರೆಕ್ಕೆ ಐಸಿಗೆ ಉಜ್ಜುತ್ತಿರಬಹುದು. ಕಂಪ್ರೆಸರ್ ಓಡುತ್ತಿದ್ದರೂ ಸದ್ದೇ ಇಲ್ಲದಿದ್ದರೆ ಫ್ಯಾನ್ ಮೋಟಾರನ್ನು ಪರೀಕ್ಷಿಸಬೇಕು.

ಇನ್ನು ನಿಜವಾದ ಪರೀಕ್ಷೆ. ಸಾಮಾನುಗಳನ್ನು ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿ, ಪ್ಲಗ್ ಕಿತ್ತು, ಎರಡೂ ಬಾಗಿಲುಗಳನ್ನು ತೆರೆದು ಒಂದು ಪೂರ್ತಿ ದಿನ ಬಿಡಿ. ನೀರು ಹರಿಯುವುದರಿಂದ ಕೆಳಗೆ ಹಳೆಯ ಬಟ್ಟೆ ಹಾಸಿ. ಹಲಗೆಯ ಹಿಂದಿನ ಐಸ್ ಕರಗಲು ಸಮಯ ಬೇಕು, ಮೂರು ನಾಲ್ಕು ಗಂಟೆ ಸಾಲದು. ಮತ್ತೆ ಚಾಲೂ ಮಾಡಿ ಇನ್ನೊಂದು ದಿನ ಕಾಯಿರಿ. ಆಗ ಎರಡೂ ಭಾಗ ಮೊದಲಿನಂತೆ ತಣ್ಣಗಾಗಿ, ಕೆಲವು ದಿನಗಳ ನಂತರ ತೊಂದರೆ ಮರುಕಳಿಸಿದರೆ ಗ್ಯಾಸ್ ಸರಿಯಾಗಿಯೇ ಇದೆ, ಕೆಟ್ಟಿರುವುದು ಡಿಫ್ರಾಸ್ಟ್ ಭಾಗ ಎಂದು ಮೆಕ್ಯಾನಿಕ್‌ಗೆ ಧೈರ್ಯವಾಗಿ ಹೇಳಬಹುದು. ಐಸ್ ಕರಗಿದ ಮೇಲೂ ತಂಪಾಗದಿದ್ದರೆ, ನಿಮ್ಮೆದುರಿಗೇ ಹಲಗೆ ಬಿಚ್ಚಿ ತೋರಿಸಲು ಕೇಳಿ. ಗ್ಯಾಸ್ ಕಡಿಮೆಯಾಗಿದ್ದಲ್ಲಿ ಕಾಯಿಲ್‌ನ ಆರಂಭದ ಒಂದೆರಡು ಸುತ್ತುಗಳ ಮೇಲೆ ಮಾತ್ರ ಹಿಮ ಕಟ್ಟಿ, ಉಳಿದದ್ದು ಬೋಳಾಗಿ ಕಾಣುತ್ತದೆ.

ಗ್ಯಾಸ್ ತುಂಬಿಸಲೇಬೇಕಾಗಿ ಬಂದರೆ, ಸೋರಿಕೆ ಎಲ್ಲಿತ್ತು, ಫಿಲ್ಟರ್ ಬದಲಿಸುತ್ತೀರಾ, ಕೊಳವೆಯೊಳಗಿನ ಗಾಳಿ, ತೇವವನ್ನು ಹೊರಗೆಳೆಯುವ ವ್ಯಾಕ್ಯೂಮ್ ಪಂಪ್ ತಂದಿದ್ದೀರಾ, ತೂಕ ಮಾಡಿ ತುಂಬುತ್ತೀರಾ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ಈಚಿನ ಅನೇಕ ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್. ಅದು ಬೆಂಕಿ ಹತ್ತುವ ಅನಿಲ, ಅದರ ಪ್ರಮಾಣವೂ ಕೆಲವು ಹತ್ತು ಗ್ರಾಂಗಳಷ್ಟೇ. ಅಂದಾಜಿನಲ್ಲಿ ತುಂಬುವ ವಸ್ತು ಅದಲ್ಲ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಫ್ರಿಜ್ಜಿನ ಲೇಬಲ್ ಮೇಲೆ ಮುದ್ರಿತವಾಗಿರುತ್ತದೆ.

ಸಣ್ಣ ಕಾರಣಗಳನ್ನೂ ಜೊತೆಗೇ ನೋಡಿಬಿಡಿ. ಬಾಗಿಲಿನ ರಬ್ಬರಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಎಳೆದರೆ ಬಿಗಿ ಇರಬೇಕು. ಫ್ರೀಜರಿನ ಗಾಳಿಕಿಂಡಿಗೆ ಬಟಾಣಿ ಪ್ಯಾಕೆಟ್ಟು ಒತ್ತಿಕೊಂಡಿರಬಾರದು. ಕಂಪ್ರೆಸರ್ ಟಕ್ ಎಂದು ಶುರುವಾಗಿ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತಿದ್ದರೆ ವೋಲ್ಟೇಜ್ ಅಥವಾ ಕಂಪ್ರೆಸರನ್ನು ಚಾಲೂ ಮಾಡುವ ಬಿಡಿಭಾಗವಾದ ರಿಲೇ ಕಡೆ ಗಮನ ಕೊಡಿ. ಪಕ್ಕದ ಗೋಡೆಗಳು ಬಿಸಿಯಾಗಿದ್ದರೆ ಮಾತ್ರ ಗಾಬರಿ ಬೇಡ, ಈಗಿನ ಮಾದರಿಗಳಲ್ಲಿ ಶಾಖ ಹೊರಹೋಗುವುದೇ ಅಲ್ಲಿಂದ. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್, ಕೆಳಗೆ ಸುಮಾರು 4 ಡಿಗ್ರಿ ಇದ್ದರೆ ಸರಿ. ಕೆಳಭಾಗವನ್ನು ಅಳೆಯಲು ಲೋಟದ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಮರುದಿನ ಬೆಳಿಗ್ಗೆ ಓದಿಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಪ್ರಶ್ನೆ: ನಮ್ಮ ಒಂದೇ ಬಾಗಿಲಿನ ಫ್ರಿಜ್ಜಿನ ಫ್ರೀಜರಿನಲ್ಲಿ ಐಸ್ ಗೋಡೆಯಂತೆ ಬೆಳೆಯುತ್ತದೆ. ಚಾಕುವಿನಿಂದ ಕೆರೆದು ತೆಗೆಯಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಖಂಡಿತ ಬೇಡ. ಆ ಪೆಟ್ಟಿಗೆಯ ತೆಳುವಾದ ಅಲ್ಯುಮಿನಿಯಂ ಗೋಡೆಯೊಳಗೇ ಗ್ಯಾಸ್ ಹರಿಯುವ ದಾರಿಗಳಿವೆ. ಚಾಕುವಿನ ತುದಿ ಒಮ್ಮೆ ತಾಗಿದರೆ ಸಾಕು. ಕರಾವಳಿಯ ತೇವದ ಗಾಳಿಯಲ್ಲಿ ಹಿಮ ಬೇಗ ಕಟ್ಟುವುದು ಸಹಜ. ಅದು ಅರ್ಧ ಸೆಂಟಿಮೀಟರ್ ದಪ್ಪವಾಗುತ್ತಿದ್ದಂತೆ ಡಿಫ್ರಾಸ್ಟ್ ಗುಂಡಿ ಒತ್ತಿ, ಕರಗಿದ ಮೇಲೆ ಒರೆಸಿ. ವಾರದೊಳಗೇ ಮತ್ತೆ ಬೆಳೆದರೆ ಬಾಗಿಲಿನ ರಬ್ಬರ್ ಸಡಿಲವಾಗಿರಬಹುದು. ಈಗಾಗಲೇ ಕೆರೆದಿದ್ದು, ಸುಯ್ ಎಂಬ ಸದ್ದು ಕೇಳಿಸಿದ್ದರೆ ಕಿಟಕಿ ತೆರೆಯಿರಿ, ಒಲೆ ಹಚ್ಚಬೇಡಿ, ಅಡುಗೆಮನೆಯ ಸ್ವಿಚ್ಚುಗಳನ್ನು ಮುಟ್ಟದೆ ಹೊರಗಿನ ಮೇನ್ ಸ್ವಿಚ್ ಆರಿಸಿ, ಆನಂತರ ಮೆಕ್ಯಾನಿಕ್ ಅನ್ನು ಕರೆಸಿ.